ಕೈ ಎತ್ರಿ, ನಿಲ್ಲಸ್ತೀನಿ

"ಹೋಲ್ಡಾನ್! ಹೋಲ್ಡಾ...ನ್!"

ಆ ಕೂಗಿಗೆ ಇಡೀ ಪಾರ್ಕ್ ತಿರುಗಿ ನೋಡಿತು. ಐಸ್‌ಕ್ರೀಂ ನೆಕ್ಕುತ್ತಿದ್ದ ಮಕ್ಕಳು ಬಾಯಿ ಬಿಟ್ಟುಕೊಂಡು ನಿಂತರು.

ಆಗತಾನೇ ತೂಗಾಡತೊಡಗಿದ್ದ 'ಕೊಲಂಬಸ್' ಹಡಗಿನ ಕೊನೆಯ ಸೀಟಿನಲ್ಲಿ, ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಕೈಯಲ್ಲಿ ಕಬ್ಬಿಣದ ಸರಳು ಹಿಡಿದು ಕೂಗುತ್ತಿದ್ದವಳು ದುರ್ಗಾದೇವಿ. ಗಂಗಾವತಿ ಡಿಪೋದ ಬಸ್ ಕಂಡಕ್ಟರ್. ಕಿಕ್ಕಿರಿದ ಬಸ್ಸಿನ ಹಿಂದಿನ ಬಾಗಿಲಲ್ಲಿ ನಿಂತು, ಬಸ್ಸು ನಿಲ್ಲಿಸಲು ಡ್ರೈವರನ ಕಿವಿಗೆ ಮುಟ್ಟುವಂತೆ 'ಹೋಲ್ಡಾನ್' ಎಂದು ಕೂಗಿ ಪಳಗಿದ ಗಂಟಲು ಅದು. ಹೆದರಿಕೆಯಾದಾಗ ಬೇರೆಯವರ ಬಾಯಿಗೆ ದೇವರ ಹೆಸರು ಬರುತ್ತದೆ. ಇವಳ ಬಾಯಿಗೆ ಬಂದದ್ದು ಹೋಲ್ಡಾನ್!

ಹಡಗು ತೂಗಿ ತೂಗಿ ನಿಂತಿತು.

"ನಿಂತೈತ್ರಿ ಮೇಡಂ... ಕಣ್ಣು ತೆರೀರಿ."

ದುರ್ಗಾದೇವಿ ಒಂದು ಕಣ್ಣು ತೆರೆದಳು. ನೀಲಿ ಅಂಗಿಯ ಯುವಕನೊಬ್ಬ ಸರಳು ಎತ್ತಿ ಹಿಡಿದು ನಿಂತಿದ್ದ. ಮುಂದಿನ ಸೀಟಿನಿಂದ ಯಾರೋ ಕೂಗಿದರು, "ಕಂಡಕ್ಟರಕ್ಕಾ, ಮುಂದಿನ ಸ್ಟಾಪ್ ಯಾವ್ದು?" ಹಡಗಿಗೆ ಹಡಗೇ ಹೋ ಎಂದು ನಕ್ಕಿತು. ನಗೋರ ಮುಂದೆ ಎಡವಿ ಬಿದ್ದಂತಾಯಿತು ಅವಳ ಸ್ಥಿತಿ.

ಆದರೆ ಆ ನೀಲಿ ಅಂಗಿಯವನು ನಗಲಿಲ್ಲ.

'ಎಲ್ಲಾರೂ ನಗತಾರ... ಇವನ್ಯಾಕ ನಗವಲ್ಲ?'

ಅದನ್ನೇ ಯೋಚಿಸುತ್ತಾ ಅವಳು ಕೆಳಗಿಳಿದಳು. ಅಷ್ಟರಲ್ಲಿ ಸೋದರಮಾವ ಓಬಳೆಪ್ಪ ಓಡಿ ಬಂದ.

"ಏನವ್ವ ಇದು! ಹೆಸರು ನೋಡಿದ್ರ ದುರ್ಗಾದೇವಿ, ಹುಲಿ ಮ್ಯಾಲ ಕುಂದರೋ ತಾಯಿ! ಕಟ್ಟಿಗಿ ಹಡಗಿನ್ಯಾಗ ಕುಂದರಾಕ ಆಗಲಿಲ್ಲಲ್ಲ ನಿನಗ!"

"ಮಾವ, ನಾ ಮದಲ ಬ್ಯಾಡ ಅಂದಿದ್ನಿಲ್ಲೋ? ನೀನ ದಬ್ಬಿ ಹತ್ತಿಸಿದಿ!"

ಓಬಳೆಪ್ಪ ಗೇಟಿನ ಕಡೆ ಕತ್ತು ಚಾಚಿ ನೋಡಿದ. ಅವನಿಗೆ ಅವನದೇ ಚಿಂತೆ ಇತ್ತು. ಆ ಗುಟ್ಟು ನಿಮಗೆ ಈಗಲೇ ಹೇಳಿಬಿಡುತ್ತೇನೆ, ದುರ್ಗಾದೇವಿಗೆ ಮಾತ್ರ ಗೊತ್ತಿರಲಿಲ್ಲ. ಅವತ್ತು ರಜೆಯ ದಿನ, 'ಸುಮ್ನ ತಿರುಗ್ಯಾಡಿ ಬರೋಣ ಬಾ' ಎಂದು ಅವ್ವ ಹೊಳಿಯಮ್ಮ ಮತ್ತು ಮಾವ ಅವಳನ್ನು ಕೊಪ್ಪಳ ರಸ್ತೆಯ ಈ 'ಜೋಕಾಲಿ ಪಾರ್ಕಿಗೆ' ಕರೆತಂದಿದ್ದು ತಿರುಗಾಡಲಿಕ್ಕಲ್ಲ. ಕನ್ಯಾ ತೋರಿಸಲಿಕ್ಕೆ!

ಇನ್ನೇನು ಮಾಡಬೇಕು ಪಾಪ? ಹಿಂದೆ ಮನೆಗೆ ಬಂದ ಗಂಡಿನವರ ಮುಂದೆಲ್ಲ ಉಪ್ಪಿಟ್ಟಿನ ತಟ್ಟೆ ಹಿಡಿದು ಹಿಡಿದು ಅವಳಿಗೆ ಸಾಕಾಗಿತ್ತು. ಹುಡುಗನಿಗೆ ಹೇಗೆ ಕಂಡಳು, ಅವನ ಅವ್ವನಿಗೆ ಹೇಗೆ ಕಂಡಳು, ಎಲ್ಲರ ಅಭಿಪ್ರಾಯವನ್ನೂ ಎಲ್ಲರೂ ಕೇಳುತ್ತಿದ್ದರು. 'ದುರ್ಗಾದೇವಿ, ನಿನಗ ಹೆಂಗ ಅನಸ್ತವ್ವ?' ಅಂತ ಒಬ್ಬರಾದರೂ? ಇಲ್ಲ. "ನನ್ನ ಕೇಳೋ ತನಕ ನಾ ಇನ್ನ ತಟ್ಟಿ ಹಿಡಿಯೋದಿಲ್ಲ" ಎಂದು ಅವಳು ಖಡಾಖಂಡಿತ ಹೇಳಿದ್ದಳು. ಅದಕ್ಕೇ ಈ ಉಪಾಯ.

"ಬರ್ರಿ, ಈ ಕಡೆ ನೆಳ್ಳಿಗೆ ಕುಂದರ್ರಿ." ನೀಲಿ ಅಂಗಿಯವನು ನೀರಿನ ಬಾಟಲಿ ಕೊಟ್ಟ. ಅವನ ಹೆಸರು ಸಿದ್ದಾರ್ಥ. ನವಲಿಯವನು, ಡಿಪ್ಲೊಮಾ ಓದಿದವನು. ಈ ಪಾರ್ಕಿನಲ್ಲಿ ಆಟಗಳ ಸುರಕ್ಷತೆ ನೋಡಿಕೊಳ್ಳುವ ಮೇಲ್ವಿಚಾರಕ.

"ನಾ ಹೋಗ್ತೀನ್ರಿ. ನನಗ ಇವೆಲ್ಲ ಆಗಿ ಬರೋದಿಲ್ಲ."

"ಯಾವುದು ಆಗೋದಿಲ್ಲ?"

"ಯಾವುದೂ!"

"ಹಂಗ ಆಗೋದಿಲ್ರಿ. ಕೆಲವರಿಗೆ ಎತ್ತರ ಅಂಜಿಕಿ, ಕೆಲವರಿಗೆ ಗರಗರ ತಿರುಗೋದು ಅಂಜಿಕಿ, ಕೆಲವರಿಗೆ ಜೋರು ಹೋಗೋದು. ಯಾವುದು ಆಗೋದಿಲ್ಲ ಅಂತ ತಿಳಿದ್ರ, ಯಾವುದು ಆಗತೈತಿ ಅಂತ ಹೇಳಬಹುದು. ಅಂಜಿದವರನ್ನ ಹಂಗ ಮನಿಗೆ ಕಳಿಸಬಾರದು ಅಂತ ನಮ್ಮಲ್ಲಿ ಒಂದು ಪದ್ಧತಿ ಐತಿ."

ದುರ್ಗಾದೇವಿಗೆ ಅಚ್ಚರಿಯಾಯಿತು. ಅವಳ ಅಂಜಿಕೆಯನ್ನು ಇಷ್ಟು ಮರ್ಯಾದೆಯಿಂದ ಇದುವರೆಗೆ ಯಾರೂ ವಿಚಾರಿಸಿರಲಿಲ್ಲ.

"ಹೋಗವ್ವ, ಹೋಗು!" ಎಂದ ಓಬಳೆಪ್ಪ, ಒಳಗೊಳಗೇ ನಗುತ್ತಾ. ತಾನು ಹೊಳಿಯಮ್ಮನ ಜೊತೆ ಕ್ಯಾಂಟೀನಿನ ಕಡೆ ಹೋಗಿ ಗಂಡಿನ ಅವ್ವ ಬರುವುದನ್ನು ಕಾಯತೊಡಗಿದ.

ಸಿದ್ದಾರ್ಥ ಕೊಲಂಬಸ್ ಅನ್ನು ಜೊತೆಗಾರ ಖಲಂದರನಿಗೆ ಒಪ್ಪಿಸಿ ಬಂದ. ಮೊದಲು ಪುಟಾಣಿ ರೈಲು. ಮೊಣಕಾಲು ಗದ್ದಕ್ಕೆ ತಾಗುವಂತೆ ಮಕ್ಕಳ ನಡುವೆ ಮುದುಡಿ ಕೂತ ದುರ್ಗಾದೇವಿ, ರೈಲು ಹೊರಡುವ ಮೊದಲು ಹಿಂದೆ ತಿರುಗಿ ಬೆರಳಾಡಿಸುತ್ತಾ ತಲೆ ಎಣಿಸಿದಳು. ಅಭ್ಯಾಸಬಲ!

ಸಿದ್ದಾರ್ಥ ಆಗ ನಕ್ಕ. "ಟಿಕೆಟ್ ಹರಿದು ಕೊಡಾಕ ಹತ್ತೀರೇನ್ರಿ?"

"ಮತ್ತ! ನಾ ಕಂಡಕ್ಟರ್ ಅದೀನ್ರಿ. ಮರಳಿ ನಮ್ಮೂರು, ಗಂಗಾವತಿ ಡಿಪೋ."

ಅವನ ನಗು ಅರ್ಧಕ್ಕೇ ನಿಂತಿತು.

ಅವಳಿಗೆ ಅದು ಕಂಡಿತು. 'ಕಂಡಕ್ಟರ್ ಅಂದಕೂಡ್ಲೇ ಮುಖ ಸಣ್ಣದಾತು ನೋಡು...' ಎಂದುಕೊಂಡಳು. ಪಾಪ, ಅವನ ತಲೆಯಲ್ಲಿ ಓಡುತ್ತಿದ್ದುದೇ ಬೇರೆ. 'ಇವತ್ತು ನಿನ್ನ ಪಾರ್ಕಿಗೇ ಹುಡುಗಿ ಬರ್ತಾಳಪಾ, ಮರಳಿಯಾಕಿ, ಬಸ್ಸಿನ್ಯಾಗ ನೌಕರಿ' ಎಂದು ಬೆಳಗ್ಗೆ ಅವ್ವ ಪಕ್ಕೀರವ್ವ ಹೇಳಿದ್ದಳು. ಓಬಳೆಪ್ಪ ಕಳಿಸಿದ್ದ ಫೋಟೋ ಅವನ ಮೊಬೈಲಿನಲ್ಲೇ ಇತ್ತು. ಆದರೆ ಸ್ಟುಡಿಯೋದವನು ಅದನ್ನು ತಿದ್ದಿ ತಿದ್ದಿ ಸುಣ್ಣ ಬಳಿದ ಗೋಡೆ ಮಾಡಿಟ್ಟಿದ್ದ. ಅದರಲ್ಲಿ ಈ ಕಂದು ಮುಖ, ಗದ್ದದ ಮೇಲಿನ ಈ ಸಣ್ಣ ಕಲೆ, ನಕ್ಕರೆ ಪೂರ್ತಿ ಮುಚ್ಚುವ ಈ ಕಣ್ಣು ಎಲ್ಲಿದ್ದವು?

'ಹೇಳಿಬಿಡಲೇನು?' ಎಂದುಕೊಂಡ ಅವನು. 'ಹೇಳಿದ್ರ ತಲಿ ತಗ್ಗಿಸಿ ಹೋಗಿಬಿಡ್ತಾಳ... ಇನ್ನ ಸ್ವಲ್ಪ ಹೊತ್ತು ನಗಲಿ.'

ಅಲ್ಲೇ ಅವನು ತಪ್ಪು ಮಾಡಿದ.

ಆಮೇಲೆ ದೊಡ್ಡ ತೊಟ್ಟಿಲು. ಮೇಲೆ ಹೋಗುವಾಗ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಮಾತ್ರ ಕೆಳಗೆ ಹಸಿರು ಹಾಸಿದಂತಿದ್ದ ಭತ್ತದ ಗದ್ದೆಗಳನ್ನು ನೋಡುತ್ತಾ, "ಅಗೋ ಕಾಲುವಿ! ಅದರ ಆಚಿಗೆ ನಮ್ಮ ರೂಟು!" ಎಂದು ಎದ್ದೇ ನಿಲ್ಲುವಷ್ಟು ಹುರುಪಾದಳು.

"ಎತ್ತರದ ಅಂಜಿಕಿ ಇಲ್ಲ ಬಿಡ್ರಿ" ಎಂದ ಅವನು.

"ಬಸ್ಸಿನ ಟಾಪ್ ಏರಿ ಅಕ್ಕಿ ಚೀಲ ಇಳಿಸಿದಾಕಿ ನಾನು!"

ನಂತರ ಗರಗರ ತಿರುಗುವ ಚಹಾ ಕಪ್ಪುಗಳು, ಒಳಗೆ ಇಬ್ಬರು ಕೂರುವಷ್ಟು ದೊಡ್ಡವು. ಕಪ್ಪಿನ ನಡುವೆ ಒಂದು ಚಕ್ರ, ಅದನ್ನು ಕೂತವರೇ ತಿರುಗಿಸಬೇಕು. ದುರ್ಗಾದೇವಿ ಅದನ್ನು ಎರಡೂ ಕೈಯಲ್ಲಿ ಹಿಡಿದು ಎಷ್ಟು ಜೋರಾಗಿ ತಿರುಗಿಸಿದಳೆಂದರೆ ಕೊನೆಗೆ ಸಿದ್ದಾರ್ಥನೇ ಕಪ್ಪಿನ ಅಂಚು ಹಿಡಿದುಕೊಂಡು, "ಸಾಕ್ರೀ... ನನಗ ಆಗವಲ್ದು!" ಎಂದ.

ಅವಳು ನಗುತ್ತಾ ಕೈ ಬಿಟ್ಟಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತೋ!

ಇಳಿದ ಮೇಲೆ ಅವನು ಯೋಚಿಸುತ್ತಾ ನಿಂತ. "ನಿಮಗ ಎತ್ತರ ಅಂಜಿಕಿ ಇಲ್ಲ. ತಿರುಗೋದು ಅಂಜಿಕಿ ಇಲ್ಲ. ಕಪ್ಪಿನ್ಯಾಗ ಚಕ್ರ ನಿಮ್ಮ ಕೈಯಾಗ ಇತ್ತು, ಬಸ್ಸಿನ್ಯಾಗ ಸೀಟಿ ನಿಮ್ಮ ಬಾಯಾಗ ಇರತೈತಿ. ಕೊಲಂಬಸ್ಸಿನ್ಯಾಗ ಏನೂ ಇದ್ದಿಲ್ಲ. ನಿಲ್ಲಸೋದು ನಿಮ್ಮ ಕೈಯಾಗ ಇಲ್ಲ ಅಂದ್ರ ನಿಮಗ ಅಂಜಿಕಿ... ಹೌದಿಲ್ಲೋ?"

ದುರ್ಗಾದೇವಿ ಗದ್ದದ ಕಲೆ ಮುಟ್ಟಿಕೊಂಡಳು. ಯಾರಿಗೂ ಹೇಳದ ಮಾತು ತಾನಾಗಿ ಬಾಯಿಗೆ ಬಂತು.

"ಸಣ್ಣಾಕಿದ್ದಾಗ ಪಂಚಮಿ ಜೋಕಾಲಿ ಕಟ್ಟಿದ್ರು, ನಮ್ಮೂರ ಹುಣಸಿ ಗಿಡಕ್ಕ. ಅಣ್ಣಂದಿರು ಜೀಕಿದ್ರು. ನಾ ಸಾಕು ಸಾಕು ಅಂತ ಒದರಿದೆ... ಒದರಿದಷ್ಟೂ ಅವರು ನಕ್ಕೋತ ಇನ್ನೂ ಜೋರು ಜೀಕಿದ್ರು. ಕೈ ಜಾರಿ ಬಿದ್ದೆ. ಬಿದ್ದದ್ದಕ್ಕ ಸಿಟ್ಟಿಲ್ರಿ ನನಗ. ಸಾಕು ಅಂದ್ರೂ ಯಾರೂ ಕೇಳಲಿಲ್ಲಲ್ಲ..."

ಅವನು ಕೊಲಂಬಸ್ ಕಡೆ ತಿರುಗಿ ನೋಡಿದ.

"ಕೊಲಂಬಸ್ ಇನ್ನೊಮ್ಮಿ ಹತ್ತತೀರೇನ್ರಿ? ತುದಿಗೆ ಬ್ಯಾಡ, ನಟ್ಟನಡುವ ಕುಂದರ್ರಿ. ಅಲ್ಲಿ ತೂಗೋದು ಕಮ್ಮಿ. ಬ್ರೇಕ್ ಹತ್ರ ನಾನ ನಿಂತಿರ್ತೀನಿ. ಕೈ ಎತ್ರಿ... ನಿಲ್ಲಸ್ತೀನಿ."

"ಖರೇನ?"

"ಖರೇ."

ಹತ್ತಿದಳು! ಹಡಗು ತೂಗತೊಡಗಿತು. ಎರಡನೇ ಸಲ ತೂಗುವಷ್ಟರಲ್ಲಿ ದುರ್ಗಾದೇವಿ ಬಲಗೈ ಎತ್ತಿದಳು. ಹೆದರಿಕೆಯಿಂದಲ್ಲ, ಪರೀಕ್ಷೆ ಮಾಡಲು.

ಅವನು ಬ್ರೇಕ್ ಹಾಕಿಯೇ ಬಿಟ್ಟ!

"ಏ, ಏನ್ರಿ ಇದು, ಈಗರ ಶುರು ಆಗಿತ್ತು!" ಎಂದು ಉಳಿದವರು ಕೂಗಾಡಿದರು. ಅವನು ಅವರತ್ತ ನೋಡಲೂ ಇಲ್ಲ. ಅವಳನ್ನೇ ನೋಡುತ್ತಿದ್ದ. 'ಸಾಕಾ? ಬೇಕಾ?' ಎಂದು ಕಣ್ಣಲ್ಲೇ ಕೇಳಿದ.

ಅವಳು ಕೈ ಇಳಿಸಿದಳು. "ರೈಟ್!"

ಆಮೇಲೆ ಕೊನೆಯವರೆಗೂ ಆ ಕೈ ಮೇಲೇಳಲಿಲ್ಲ. ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಜಡೆ ಹಾರುತ್ತಿತ್ತು. ಅವಳು ಕಣ್ಣು ತೆರೆದೇ ಇದ್ದಳು.

ಇಳಿದಾಗ ಮಾತ್ರ ತಲೆ ಗಿರ್ರೆಂದಿತು. ಸಿದ್ದಾರ್ಥ ಗಾಬರಿಯಾಗಿ ಪಕ್ಕದ ಚಾ ಅಂಗಡಿಯ ಡಬ್ಬಿಯಿಂದ ಒಂದು ಚಮಚ ಸಕ್ಕರೆ ತಂದು ಅವಳ ಅಂಗೈಗೆ ಸುರಿದ.

"ಬಾಯಾಗ ಹಾಕ್ಕೊರ್ರಿ. ಈಗ ಆರಾಮ ಅನಸತೈತಿ."

ಅವಳು ನಗುತ್ತಾ ಬಾಯಿಗೆ ಹಾಕಿಕೊಂಡಳು.

ಅಷ್ಟೇ!

"ಅಯ್ಯ ನಮ್ಮವ್ವಾ! ಸಕ್ರಿ ಕೊಟ್ಟೇ ಬಿಟ್ಟನಲ್ಲ ನನ್ನ ಮಗ!" ಕ್ಯಾಂಟೀನ್ ಕಡೆಯಿಂದ ಪಕ್ಕೀರವ್ವ ಸೆರಗು ಸರಿಮಾಡಿಕೊಳ್ಳುತ್ತಾ ಧಾವಿಸಿ ಬಂದಳು. ಹಿಂದೆಯೇ ಹೊಳಿಯಮ್ಮ, ಓಬಳೆಪ್ಪ.

ನಮ್ಮ ಕಡೆ ಸಂಬಂಧ ಗಟ್ಟಿಯಾಯಿತೆಂದರೆ ಸಕ್ಕರೆ ಕೊಡುವುದು. ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಮುಗಿಯಿತು. ಹಿರಿಯರು ದೂರದಿಂದ ಕಂಡದ್ದು ಇಷ್ಟೇ: ಹುಡುಗ ಕೊಟ್ಟ, ಹುಡುಗಿ ನಕ್ಕೋತ ಬಾಯಿಗೆ ಹಾಕಿಕೊಂಡಳು. ಇನ್ನೇನು ಬೇಕು?

"ನಾವು ಕೊಡಿಸೋಕಿಂತ ಮದಲ ತಾವ ಮುಗಿಸ್ಯಾರ ನೋಡ್ರಿ ಬೀಗರ!" ಓಬಳೆಪ್ಪ ಆಗಲೇ ಮೊಬೈಲ್ ಕಿವಿಗೆ ಹಚ್ಚಿದ್ದ. "ಹಲೋ, ಮರಳಿಯಾಗ ಎಲ್ಲಾರಿಗೂ ಹೇಳ್ರಿ... ಗಟ್ಟಿ ಆತು!"

ಚಾ ಅಂಗಡಿಯ ಡಬ್ಬಿ ಅಲ್ಲೇ ಖಾಲಿಯಾಯಿತು. ಅವರ ಬಾಯಿಗೆ ಇವರು, ಇವರ ಬಾಯಿಗೆ ಅವರು.

ದುರ್ಗಾದೇವಿ ಕಲ್ಲಾಗಿ ನಿಂತಳು. ಇವನು... ಗಂಡೇ? ಇದೆಲ್ಲ ಕನ್ಯಾ ನೋಡೋದೇ? ರೈಲು, ತೊಟ್ಟಿಲು, ಕಪ್ಪು... ತಾನು ಜೋಕಾಲಿಯ ಕಥೆ ಹೇಳಿದ್ದು?

"ನಿಮಗ... ಗೊತ್ತಿತ್ತೇನು?" ಎಂದಳು.

ಸಿದ್ದಾರ್ಥ ತಲೆ ತಗ್ಗಿಸಿದ. "ನಡುವ ಗೊತ್ತಾತ್ರಿ."

ಸಾಕು! ಸಾಕು ನಿಲ್ಲಸ್ರಿ! ಎಂದು ಕೂಗಬೇಕೆನಿಸಿತು. ಇಡೀ ಪಾರ್ಕನ್ನು ನಿಲ್ಲಿಸಿದ್ದ ಆ ಗಂಟಲಿನಿಂದ ಈಗ ಒಂದು ಸೊಲ್ಲೂ ಹೊರಡಲಿಲ್ಲ. ಬಲಗೈ ಮಾತ್ರ ತನ್ನಷ್ಟಕ್ಕೆ ತಾನೇ ಮೇಲೆದ್ದಿತು. ಅವ್ವ ನೋಡಲಿಲ್ಲ, ಮಾವ ನೋಡಲಿಲ್ಲ. ಯಾರೂ ನೋಡಲಿಲ್ಲವೆಂದುಕೊಂಡು ಅವಳು ಕೈ ಇಳಿಸಿ, ಕಣ್ಣೊರೆಸಿಕೊಂಡು ಗೇಟಿನ ಕಡೆ ನಡೆದುಬಿಟ್ಟಳು.

ಮರುದಿನ ಸಂಜೆ ಹೊಳಿಯಮ್ಮ ಒಲೆಯ ಮುಂದೆ ಕೂತು ಕಣ್ಣೀರು ಹಾಕುತ್ತಿದ್ದಳು.

"ಹುಡುಗ ನಿಲ್ಲಸ್ರಿ ಅಂದನಂತ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲಲ್ಲವ್ವ... ಅಂಜುಬುರುಕಿ ಅಂತ ಬ್ಯಾಡ ಅಂದಿರಬೇಕು!"

"ಛಲೋನ ಆತು ಬಿಡು!" ಎಂದಳು ದುರ್ಗಾದೇವಿ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಯಾಕೆ ಅಳಬೇಕು? ಅವನ ಮೇಲೆ ಅವಳಿಗೆ ಸಿಟ್ಟಿತ್ತಲ್ಲ? ತಾನೇ ಬ್ಯಾಡ ಅನ್ನಬೇಕೆಂದಿದ್ದಳಲ್ಲ? ಹೌದು. ಆದರೆ ಕಣ್ಣು ಮುಚ್ಚಿದರೆ ಸಾಕು, ಬ್ರೇಕ್ ಹಿಡಿದು 'ಸಾಕಾ? ಬೇಕಾ?' ಎಂದು ಕೇಳುವ ಆ ಕಣ್ಣುಗಳೇ ಎದುರಿಗೆ ಬರುತ್ತಿದ್ದವು. ಜನ್ಮದಲ್ಲಿ ಅವಳನ್ನು ಹಾಗೆ ಕೇಳಿದವನು ಅವನೊಬ್ಬನೇ. ಅವನೇ ಬ್ಯಾಡ ಅಂದನಲ್ಲ!

ವಾರ ಕಳೆಯಿತು. ಮಧ್ಯಾಹ್ನದ ಸಿದ್ದಾಪುರ ಟ್ರಿಪ್ಪು, ಬಸ್ಸು ಮುಕ್ಕಾಲು ಖಾಲಿ. ಟಿಕೆಟ್ ಕೇಳುತ್ತಾ ಹಿಂದಿನ ಸೀಟಿಗೆ ಬಂದ ದುರ್ಗಾದೇವಿ ಗಕ್ಕನೆ ನಿಂತಳು. ಸಿದ್ದಾರ್ಥ!

"ಎಲ್ಲಿಗೆ?" ಮುಖ ನೋಡದೆ ಕೇಳಿದಳು.

"ಸಿದ್ದಾಪುರ, ಒಂದು... ನಿಮ್ಮ ಜೋಡಿ ಮಾತಾಡಬೇಕಿತ್ರಿ."

"ಬ್ಯಾಡ ಅಂದವ್ರ ಜೋಡಿ ನನಗೇನು ಮಾತು?"

"ನಾ ಬ್ಯಾಡ ಅನ್ನಲಿಲ್ರಿ."

"ಸುಳ್ಳು! ಮದಲು ಗೊತ್ತಿದ್ದೂ ಹೇಳಲಿಲ್ಲ, ಈಗ ಇದು ಒಂದು ಸುಳ್ಳು!" ಅವಳ ಕಣ್ಣು ತುಂಬಿ ಬಂತು. ಕೊರಳಿನ ಸೀಟಿ ಬಾಯಿಗಿಟ್ಟು ಒಂದೇ ಸಲ ಊದಿದಳು. ಪೀಂ! ಗದ್ದೆಗಳ ನಡುವೆ ಬಸ್ಸು ಗಕ್ಕೆಂದು ನಿಂತಿತು. "ಇಳೀರಿ!"

ವಾದ ಮಾಡುತ್ತಾನೆ, ಕೈ ಮುಗಿಯುತ್ತಾನೆ ಎಂದುಕೊಂಡಿದ್ದಳು. ಅವನು ಒಂದು ಮಾತೂ ಆಡದೆ ಎದ್ದು, ಮೆಟ್ಟಿಲಿಳಿದು, ಉರಿಬಿಸಿಲಲ್ಲಿ ರಸ್ತೆಯ ಬದಿಗೆ ನಿಂತುಬಿಟ್ಟ.

"ನೀವು ನಿಲ್ಲಸಂದ್ರ ನಿಲ್ಲಸಬೇಕಲ್ರಿ" ಎಂದ ಕೆಳಗಿನಿಂದ. "ಒಂದ ಮಾತು ಹೇಳಿಬಿಡ್ತೀನಿ. ಅವತ್ತು ನೀವು ಕೈ ಎತ್ತಿದ್ರಿ."

ಸೀಟಿ ಅವಳ ಬಾಯಿಂದ ಜಾರಿತು. "...ಏನು?"

"ಎಲ್ಲಾರೂ ಸಕ್ರಿ ಹಂಚಾಕ ಹತ್ತಿದ್ರು. ನಿಮ್ಮ ಬಲಗೈ ಮ್ಯಾಲಿತ್ತು. ಕೈ ಎತ್ತಿದ್ರ ನಿಲ್ಲಸ್ತೀನಿ ಅಂತ ಮಾತು ಕೊಟ್ಟಿದ್ನಲ್ರಿ? ಅದಕ್ಕ ಮನಿಗೆ ಹೋಗಿ ನಿಲ್ಲಸವ್ವ ಅಂದೆ. ತಲಿ ತಿರುಗಿದ್ದಕ್ಕ ಕೊಟ್ಟ ಸಕ್ರಿ ಅದು. ಆಕೀನ್ನ ಇನ್ನೂ ಯಾರೂ ಕೇಳಿಲ್ಲ, ಕೇಳೋ ತನಕ ಮುಂದುವರಸಬ್ಯಾಡ ಅಂದೆ. ಅದು ನಿಮ್ಮನಿ ಮುಟ್ಟೋದ್ರಾಗ ಬ್ಯಾಡ ಅಂತ ಆಗೇತಿ."

ದುರ್ಗಾದೇವಿ ಬಾಗಿಲಿನ ಸರಳು ಹಿಡಿದುಕೊಂಡಳು. ನೋಡಿದ್ದ! ಅಷ್ಟು ಜನರ ಗದ್ದಲದಲ್ಲಿ ಒಬ್ಬ ನೋಡಿದ್ದ!

"ಮತ್ತ... ಗೊತ್ತಾದ ಮ್ಯಾಲ ನನಗ್ಯಾಕ ಹೇಳಲಿಲ್ಲ?"

"ಅದು ನನ್ನ ತಪ್ಪ್ರಿ. ನೀವು ನಗಾಕ ಹತ್ತಿದ್ರಿ... ಇನ್ನಷ್ಟು ನೋಡಬೇಕು ಅನಿಸ್ತು. ಸ್ವಾರ್ಥ ಅದು."

"ಒಂದು ವಾರ ಎಲ್ಲಿ ಹೋಗಿದ್ರಿ?"

"ಸಿಟ್ಟು ಇಳಿಯಾಕ ಪುರುಸೊತ್ತು ಕೊಡಬೇಕಲ್ರಿ."

"ಏ ದುರ್ಗಾದೇವಿ!" ಮುಂದಿನಿಂದ ಡ್ರೈವರ್ ಯಂಕೋಬ ಗದರಿದ. "ಆ ಮನಷಾ ಇಳದಾನೋ ಹತ್ತ್ಯಾನೋ? ಏನರ ಒಂದು ಹೇಳವಾ!"

ಅವಳು ಮೂಗು ಒರೆಸಿಕೊಂಡಳು. "ಹತ್ರಿ. ಬಿಸಲಾಗ ನಿಂತು ಸೊರಗಬ್ಯಾಡ್ರಿ."

ಪೀಂ ಪೀಂ! ಬಸ್ಸು ಹೊರಟಿತು.

ಸಿದ್ದಾಪುರದಲ್ಲಿ ಬಸ್ಸು ಚಾಕ್ಕೆ ನಿಲ್ಲುತ್ತದೆ. ಬೇವಿನ ನೆರಳಲ್ಲಿ ಇಬ್ಬರೂ ಗ್ಲಾಸು ಹಿಡಿದು ನಿಂತರು.

ದುರ್ಗಾದೇವಿ ಅಂಗಡಿಯವನ ಡಬ್ಬಿಗೆ ಕೈ ಹಾಕಿ ಏನನ್ನೋ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ನೀವೂ ಇನ್ನೂ ಕೇಳಲಿಲ್ಲಲ್ಲ" ಎಂದಳು, ಬೇರೆ ಕಡೆ ನೋಡುತ್ತಾ.

"ಏನ್ರಿ?"

"ಆಕೀನ್ನ ಯಾರೂ ಕೇಳಿಲ್ಲ ಅಂದ್ರಲ್ಲ... ಕೇಳ್ರಿ ಮತ್ತ!"

ಸಿದ್ದಾರ್ಥ ಗ್ಲಾಸು ಕಟ್ಟೆಯ ಮೇಲಿಟ್ಟ.

"ದುರ್ಗಾದೇವಿಯವರ... ನನಗ ನೀವಂದ್ರ ಭಾಳ ಇಷ್ಟ ರಿ. ಆ ಹೋಲ್ಡಾನ್ ಕೇಳಿದಾಗಿನಿಂದಾನ. ನನ್ನ ಮದಿವಿ ಆಗ್ತೀರೇನು? ಇವತ್ತ ಹೇಳಬೇಕಂತಿಲ್ಲ."

ಅವಳು ಎಷ್ಟೋ ವರ್ಷದಿಂದ ಕಾಯುತ್ತಿದ್ದ ಪ್ರಶ್ನೆ! ಕಣ್ಣೀರು ಕೆನ್ನೆಗಿಳಿದರೂ ಅವಳು ಒರೆಸಿಕೊಳ್ಳಲಿಲ್ಲ.

"ನಡುವ ಎಲ್ಲ್ಯರ ನನಗ ಸಾಕು ಅನಿಸಿದ್ರ?"

"ಕೈ ಎತ್ರಿ, ನಿಲ್ಲಸ್ತೀನಿ. ಕುಂತು ಮಾತಾಡಿ, ನೀವು ರೈಟ್ ಅಂದ ಮ್ಯಾಲ ಹೋಗೋಣು."

"ನಿಮಗ ಸಾಕು ಅನಿಸಿದ್ರ?"

"ಕಪ್ಪಿನ್ಯಾಗ ಸಾಕ್ರೀ ಅಂದಾಗ ನೀವು ಕೈ ಬಿಟ್ರಲ್ಲ. ಅವತ್ತ ಗೊತ್ತಾಗೇತಿ ನನಗ."

ಅವಳು ಅವನ ಅಂಗೈ ಹಿಡಿದು ತನ್ನ ಮುಷ್ಟಿ ಬಿಚ್ಚಿದಳು. ಸಕ್ಕರೆ!

"ನನಗ ತಲಿ ತಿರುಗಿಲ್ಲಲ್ರಿ..." ಅವನ ಕಣ್ಣೂ ತುಂಬಿತ್ತು.

"ಗೊತ್ತೈತಿ. ಇದು ಅದಕ್ಕಲ್ಲ. ಬಾಯಾಗ ಹಾಕ್ಕೊರ್ರಿ."

ಅವನು ಹಾಕಿಕೊಂಡ. ಯಂಕೋಬ ಹಾರ್ನ್ ಹೊಡೆದ. "ಏನವ್ವ, ಹೋಗೋಣೋ, ಇಲ್ಲೇ ವಸ್ತಿ ಇರೋಣೋ?"

ದುರ್ಗಾದೇವಿ ಓಡಿ ಹೋಗಿ ಬಾಗಿಲಲ್ಲಿ ನಿಂತಳು. ಅವನು ಹಿಂದೆಯೇ ಹತ್ತಿದ.

"ಗಂಗಾವತಿ ಒಂದು ಟಿಕೆಟ್ ತಗೋರ್ರಿ. ಡ್ಯೂಟಿ ಮ್ಯಾಲ ಅದೀನಿ, ಪುಕ್ಕಟ ಬಿಡೋದಿಲ್ಲ."

"ಕೊಡ್ರಿ... ಹೋಗೋಣೇನ್ರಿ?"

ಅವಳು ಸೀಟಿ ಬಾಯಿಗಿಡಲಿಲ್ಲ. ಅವನನ್ನೇ ನೋಡುತ್ತಾ, ಮುಂದಿನ ಸೀಟಿನವರೆಗೂ ಕೇಳುವಂತೆ ಕೂಗಿದಳು.

"ರೈಟ್!"